ಎಚ್‌ಒ ಅಳತೆಯ ಬಾಕ್ಸ್‌ಎನ್ ವ್ಯಾಗನ್: ಕಬ್ಬಿಣದ ಅದಿರನ್ನು ಎಲ್ಲಿಯವರೆಗೆ ತುಂಬಬೇಕು?

ಕಿರುಹಳಿ, ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯ ಮಹಡಿಯ ಕೋಣೆಯಲ್ಲಿ 11 ಅಡಿ ಉದ್ದದ ಹಲಗೆಯ ಮೇಲೆ ಹೊಸಪೇಟೆ ಸೀಮೆಯ ಒಂದು ಸಣ್ಣ ಅದಿರು ಸೈಡಿಂಗಿನ (ಅದಿರು ತುಂಬುವ ಪಕ್ಕದ ಹಳಿಯ) ಮಾದರಿಯನ್ನು ಕಟ್ಟುತ್ತಿದ್ದೇನೆ. ನಿಲ್ದಾಣಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕಾಲವನ್ನು ಮಾತ್ರ 1998 ಎಂದು ನಿಶ್ಚಯಿಸಿಕೊಂಡಿದ್ದೇನೆ. ಅಳತೆ ಎಚ್‌ಒ, ಅಂದರೆ 1:87.1, ಹಳಿ, ಅಂಗಡಿಯಲ್ಲಿ ಸಿಗುವ ಸಾಮಾನ್ಯ 16.5 ಮಿಲಿಮೀಟರ್ ಅಂತರದ್ದು. ಇದಕ್ಕಾಗಿ ಪರಿಚಿತರೊಬ್ಬರಿಂದ ಬಾಕ್ಸ್‌ಎನ್ (ಮೇಲೆ ತೆರೆದಿರುವ, ಎತ್ತರ ಗೋಡೆಯ ಸರಕು ವ್ಯಾಗನ್) ಮಾದರಿಯ ಆರು ವ್ಯಾಗನ್‌ಗಳನ್ನು ಕೊಂಡಿದ್ದೇನೆ. ಒಡಲು ಚೆನ್ನಾಗಿದೆ, ಬದಿಯ ಪಟ್ಟಿಗಳೂ ಬಾಗಿಲುಗಳೂ ಎದ್ದು ಕಾಣುತ್ತವೆ, ಬಣ್ಣ ರೆಡ್ ಆಕ್ಸೈಡ್.

ಮೂರು ವ್ಯಾಗನ್‌ಗಳಿಗೆ ಕೆಮ್ಮಣ್ಣನ್ನು ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ, ಅಂಚಿನಿಂದ ಮೇಲೆ ಬೆನ್ನುಬ್ಬುವಂತೆ ತುಂಬಿ ಒಣಗಿಸಿದೆ. ನೋಡಲು ಬಹಳ ಚೆನ್ನಾಗಿದೆಯೆಂದು ನಾನೇ ಬೀಗುತ್ತಿದ್ದಾಗ, ರೈಲ್ವೆಯಿಂದ ನಿವೃತ್ತರಾದ ಪಕ್ಕದ ಮನೆಯ ಹಿರಿಯರು ಬಂದು ಕನ್ನಡಕ ಏರಿಸಿಕೊಂಡು ನೋಡಿ, “ಏನ್ರೀ ಇದು, ಅದಿರು ತುಂಬೀರೋ, ಹತ್ತಿ ತುಂಬೀರೋ?” ಎಂದು ಕೇಳಿ ಚಹಾ ಕುಡಿದು ಹೋದರು. ವಿವರಣೆ ಕೊಡಲಿಲ್ಲ. ಕೇಳಲು ನನಗೂ ಸಂಕೋಚವಾಯಿತು.

ಆದ್ದರಿಂದ ಬಲ್ಲವರನ್ನು ಇಲ್ಲಿ ಕೇಳುತ್ತಿದ್ದೇನೆ. ನಿಜವಾದ ಬಾಕ್ಸ್‌ಎನ್‌ನಲ್ಲಿ ಅದಿರು ಎಷ್ಟು ಎತ್ತರಕ್ಕೆ ಇರುತ್ತದೆ? ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ಎದುರಿನಿಂದ ನೋಡಿದಾಗ ಗಾಲಿಗಳು ಒಡಲಿನ ಕೆಳಗೆ ಒಳಕ್ಕೆ ಸರಿದುಕೊಂಡಂತೆ, ದಪ್ಪ ದೇಹಕ್ಕೆ ಸಣ್ಣ ಕಾಲು ಜೋಡಿಸಿದಂತೆ ಕಾಣುತ್ತವೆ; ಇದು ತಯಾರಿಕೆಯ ದೋಷವೇ? ಹಾಗೆಯೇ, ತುಂಬದೆ ಉಳಿದಿರುವ ಮೂರು ಖಾಲಿ ವ್ಯಾಗನ್‌ಗಳು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಪದೇಪದೇ ಹಳಿ ತಪ್ಪುತ್ತವೆ, ತುಂಬಿದವು ತಪ್ಪುವುದಿಲ್ಲ. ಇದಕ್ಕೇನು ಪರಿಹಾರ?

ಹಳೆಯ ಟಿಎಕ್ಸ್‌ಆರ್, ಗುಂತಕಲ್ಲು

ಕಿರುಹಳಿಯವರೇ, ನಿಮ್ಮ ನೆರೆಯವರು ಸರಿಯಾಗಿಯೇ ಕೇಳಿದ್ದಾರೆ. ನಾನು ಟಿಎಕ್ಸ್‌ಆರ್, ಅಂದರೆ ವ್ಯಾಗನ್ ತಪಾಸಣೆಯ ಕೆಲಸದಲ್ಲಿ ಬಹಳ ವರ್ಷ ಇದ್ದವನು. ನೀವು ಹೇಳಿದಂತೆ ಅದಿರನ್ನು ಬೆನ್ನುಬ್ಬುವಂತೆ ತುಂಬಿದ ಬಾಕ್ಸ್‌ಎನ್ ನನ್ನ ಮುಂದೆ ಬಂದಿದ್ದರೆ ಆ ಗಾಡಿಯನ್ನು ಮುಂದಕ್ಕೆ ಬಿಡುತ್ತಲೇ ಇರಲಿಲ್ಲ.

ಲೆಕ್ಕ ಹೀಗಿದೆ. ಬಾಕ್ಸ್‌ಎನ್‌ನ ಒಳಗಿನ ಉದ್ದ 9,784 ಮಿಲಿಮೀಟರ್, ಅಗಲ 2,950, ಆಳ 1,950. ಗುಣಿಸಿದರೆ ಸುಮಾರು 56.3 ಘನ ಮೀಟರ್ ಜಾಗ. ವ್ಯಾಗನ್‌ನ ಸ್ವಂತ ತೂಕ 22.47 ಟನ್, ಹೊರಬಹುದಾದ ಸರಕು 58.81 ಟನ್, ಎರಡೂ ಸೇರಿ 81.28 ಟನ್. ಇದನ್ನು ಗಾಲಿಗಳ ನಾಲ್ಕು ಅಚ್ಚುಗಳಿಗೆ ಹಂಚಿದರೆ ಒಂದೊಂದರ ಮೇಲೆ 20.32 ಟನ್ ಬೀಳುತ್ತದೆ. ಈ ವ್ಯಾಗನ್‌ನ ವಿನ್ಯಾಸವೆಲ್ಲ ಈ ಒಂದು ಅಂಕಿಯ ಸುತ್ತ ನಿಂತಿದೆ, ಏಕೆಂದರೆ ಹಳಿ, ಸ್ಲೀಪರ್, ಸೇತುವೆಗಳು ತಾಳಬಲ್ಲ ಭಾರವನ್ನು ಹೇಳುವುದು ಅದೇ.

ಈಗ ಅದಿರಿಗೆ ಬನ್ನಿ. ಕಬ್ಬಿಣದ ಅದಿರಿನ ಪುಡಿ ಒಂದು ಘನ ಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ ಎಂದಿಟ್ಟುಕೊಳ್ಳಿ. ತೇವ ಮತ್ತು ಕಾಳಿನ ಗಾತ್ರಕ್ಕೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ. 58.81 ಟನ್ ಅದಿರಿಗೆ ಬೇಕಾಗುವ ಜಾಗ 24.5 ಘನ ಮೀಟರ್ ಮಾತ್ರ. ತಳದಲ್ಲಿ ಸಮವಾಗಿ ಹರಡಿದರೆ ಅದರ ಎತ್ತರ 85 ಸೆಂಟಿಮೀಟರ್ ದಾಟುವುದಿಲ್ಲ. 195 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಅರ್ಧಕ್ಕೂ ಕಡಿಮೆ! ಪ್ಲಾಟ್‌ಫಾರ್ಮಿನ ಮೇಲೆ ನಿಂತವನಿಗೆ ಅದಿರು ಕಾಣುವುದೇ ಇಲ್ಲ. ಬದಿಗೆ ಅಂಟಿದ ಕೆಂಪು ಧೂಳನ್ನು ನೋಡಿ ಒಳಗೇನಿದೆಯೆಂದು ತಿಳಿದುಕೊಳ್ಳಬೇಕು. ಕಾಲ್ಸೇತುವೆಯ ಮೇಲಿನಿಂದ ಬಗ್ಗಿ ನೋಡಿದರೆ ಮಾತ್ರ ತಳದಲ್ಲಿ ಮಲಗಿರುವ ರಾಶಿ ಕಾಣುತ್ತದೆ.

ಕಲ್ಲಿದ್ದಲಿನದು ಇದಕ್ಕೆ ಪೂರ್ತಿ ವಿರುದ್ಧ. ಅದು ಘನ ಮೀಟರಿಗೆ 0.85 ಟನ್ ಎಂದು ಹಿಡಿದರೆ, ಅಂಚಿನ ಮಟ್ಟಕ್ಕೆ ತುಂಬಿದಾಗ ಸುಮಾರು 48 ಟನ್ ಅಷ್ಟೇ ಆಗುತ್ತದೆ. ಉಳಿದ ಹನ್ನೊಂದು ಟನ್ ಹಿಡಿಸಬೇಕಾದರೆ, ಸೇರಿನಲ್ಲಿ ಭತ್ತವನ್ನು ಗೋಪುರ ಬರುವಂತೆ ಅಳೆದ ಹಾಗೆ, ಅಂಚಿನ ಮೇಲೂ ಏರಿಸಬೇಕು. ನೀವು ಮಾಡಿರುವ ಆಕಾರ ಕಲ್ಲಿದ್ದಲಿಗೆ ಸರಿಹೋಗುತ್ತದೆ. ಕೆಮ್ಮಣ್ಣನ್ನು ಕಿತ್ತು ಇದ್ದಿಲ ಪುಡಿ ಹಾಕಿದರೆ ಆ ಮೂರು ವ್ಯಾಗನ್‌ಗಳು ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಹೊರಟ ರೇಕಿನವು (ಒಟ್ಟಿಗೆ ಜೋಡಿಸಿದ ವ್ಯಾಗನ್‌ಗಳ ಸಾಲಿನವು) ಎನ್ನಬಹುದು. ಹಾಗೆ ಮಾಡುವುದಾದರೆ ರಾಶಿಯ ಮೇಲೆ ಅಲ್ಲಲ್ಲಿ ಸುಣ್ಣದ ನೀರಿನ ಬಿಳಿ ಗೆರೆಗಳನ್ನು ಚಿಮುಕಿಸುವುದನ್ನು ಮರೆಯಬೇಡಿ. ದಾರಿಯಲ್ಲಿ ಯಾರಾದರೂ ಕಲ್ಲಿದ್ದಲು ಕದ್ದರೆ ಆ ಗೆರೆ ಮುರಿದು ಗೊತ್ತಾಗಲೆಂದು ತುಂಬಿದ ಕಡೆಯಲ್ಲೇ ಹೀಗೆ ಗುರುತು ಹಾಕುತ್ತಾರೆ.

ಹಾಗಾದರೆ ಅದಿರಿಗೆ ಇಷ್ಟು ಎತ್ತರದ ವ್ಯಾಗನ್ ಏಕೆ ಎಂದು ನೀವು ಕೇಳಬಹುದು. ಬಾಕ್ಸ್‌ಎನ್ ಅದಿರಿಗೆಂದೇ ಹುಟ್ಟಿದ ವ್ಯಾಗನ್ ಅಲ್ಲ. ಕಲ್ಲಿದ್ದಲು ಮುಖ್ಯ, ಉಳಿದುದೆಲ್ಲ ಜೊತೆಗೆ. ಅದಿರಿಗೆಂದೇ ಮಾಡಿದ್ದು ಗಿಡ್ಡ ಗೋಡೆಯ ಬಿಒವೈ ವ್ಯಾಗನ್. ಬೈಲಾಡಿಲಾದ ಅದಿರನ್ನು ವಿಶಾಖಪಟ್ಟಣಕ್ಕೆ ಇಳಿಸುವ ಕಿರಂದುಲ್–ಕೊತ್ತವಲಸ ಮಾರ್ಗದಲ್ಲಿ ಅದನ್ನು ಕಾಣಬಹುದು. ಆದರೆ ಗಿಡ್ಡ ವ್ಯಾಗನ್ ಅದಿರಿಗಲ್ಲದೆ ಬೇರಾವುದಕ್ಕೂ ಲಾಭದಾಯಕವಲ್ಲ. ಬಳ್ಳಾರಿ ಕಡೆ ಅದಿರು ಇಳಿಸಿ ಬಂದ ರೇಕಿಗೆ ನಾಳೆ ಕಲ್ಲಿದ್ದಲನ್ನೂ ಮುಂದಿನ ವಾರ ಸುಣ್ಣದ ಕಲ್ಲನ್ನೂ ಹೇರಬಹುದಾದ್ದರಿಂದ ಬಾಕ್ಸ್‌ಎನ್ ಎಲ್ಲೆಡೆ ಓಡಾಡಿತು.

ಇದರ ಹಿಂದಿನ ತಲೆಮಾರಿನದು ಬಾಕ್ಸ್ ವ್ಯಾಗನ್. ಅದರ ಉದ್ದ ಸುಮಾರು 13.7 ಮೀಟರ್, ಬ್ರೇಕು ನಿರ್ವಾತದ್ದು. 1980ರ ದಶಕದ ಆರಂಭದಲ್ಲಿ ರೈಲ್ವೆಯ ವಿನ್ಯಾಸ–ಸಂಶೋಧನಾ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒ ಹೊಸ ವಿನ್ಯಾಸವನ್ನು ತಂದಾಗ ಒಟ್ಟು ಭಾರವನ್ನು ಹಾಗೆಯೇ ಉಳಿಸಿಕೊಂಡು ಉದ್ದವನ್ನು 10,713 ಮಿಲಿಮೀಟರಿಗೆ ಇಳಿಸಿ ಎತ್ತರವನ್ನು ಏರಿಸಿತು. ಗಾಳಿಯ ಬ್ರೇಕು ಬಂದುದರ ಗುರುತಾಗಿ ಹೆಸರಿನ ಕೊನೆಗೆ ‘ಎನ್’ ಸೇರಿತು. ಉದ್ದ ಏಕೆ ಕುಗ್ಗಿಸಿದರು ಎಂಬುದರಲ್ಲಿಯೇ ಜಾಣತನವಿದೆ. ನಿಲ್ದಾಣಗಳಲ್ಲಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವ ಲೂಪ್ ಹಳಿಯ ಉದ್ದ 686 ಮೀಟರ್. ಗಾಡಿ ಅದರೊಳಗೆ ನಿಲ್ಲಬೇಕು. ಎಂಜಿನ್‌ಗಳಿಗೂ ಬ್ರೇಕ್ ವ್ಯಾನಿಗೂ ಜಾಗ ಬಿಟ್ಟು ಉಳಿದ 621 ಮೀಟರಿನಲ್ಲಿ ಹಳೆಯ ಬಾಕ್ಸ್ 45 ನಿಂತರೆ ಬಾಕ್ಸ್‌ಎನ್ 58 ನಿಲ್ಲುತ್ತವೆ. ಒಂದು ಹಳಿಯನ್ನೂ ಹೊಸದಾಗಿ ಹಾಕದೆ, ಒಂದು ಲೂಪನ್ನೂ ಉದ್ದ ಮಾಡದೆ, ಒಂದೇ ಗಾಡಿಯಲ್ಲಿ ಸುಮಾರು 3,400 ಟನ್ ಸರಕು ಹೋಗುವಂತಾಯಿತು. ಅಷ್ಟು ಭಾರದ, ಅಷ್ಟು ಉದ್ದದ ಗಾಡಿಯನ್ನು ಹಳೆಯ ನಿರ್ವಾತ ಬ್ರೇಕಿನಿಂದ ನಿಲ್ಲಿಸುವುದು ಕಷ್ಟವಾದ್ದರಿಂದ ಗಾಳಿಯ ಬ್ರೇಕು ಅನಿವಾರ್ಯವಾಗಿತ್ತು.

ಇನ್ನು ಬೋಗಿಯ ವಿಷಯ. ಕನ್ನಡದಲ್ಲಿ ಬೋಗಿ ಎಂದರೆ ಜನ ಇಡೀ ಡಬ್ಬಿಯನ್ನೇ ತಿಳಿಯುತ್ತಾರೆ. ನಮ್ಮ ಕೆಲಸದಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗಿನ, ಎರಡು ಅಚ್ಚುಗಳಿರುವ ಚೌಕಟ್ಟು. ಬಾಕ್ಸ್‌ಎನ್‌ನದು ಕ್ಯಾಸ್ನಬ್ ಬೋಗಿ. ಎರಡು ಬದಿಯ ಎರಕದ ಚೌಕಟ್ಟು, ನಡುವೆ ಬೋಲ್ಸ್ಟರ್ ಎಂಬ ಅಡ್ಡ ತೊಲೆ, ಹೀಗೆ ಮೂರೇ ಎರಕದ ತುಂಡುಗಳು. ಚೌಕಟ್ಟಿನ ನಡುವಿನ ಕಿಟಕಿಯಲ್ಲಿ ಸುರುಳಿ ಸ್ಪ್ರಿಂಗುಗಳ ಗೊಂಚಲು ಕಾಣುತ್ತದೆ. ರಾತ್ರಿ ಟಾರ್ಚ್ ಹಿಡಿದು ರೇಕಿನ ಪಕ್ಕ ನಡೆಯುವಾಗ ನಾವು ಮೊದಲು ಬೆಳಕು ಬಿಡುತ್ತಿದ್ದುದು ಅಲ್ಲಿಗೇ. ಖಾಲಿ ವ್ಯಾಗನ್‌ನಲ್ಲಿ ಸುರುಳಿಗಳ ನಡುವೆ ಬೆಳಕು ಆಚೆ ಹಾಯುತ್ತದೆ. ತುಂಬಿದುದರಲ್ಲಿ ಸುರುಳಿಗಳು ಒತ್ತಿಕೊಂಡು ಸಂದಿ ಕಿರಿದಾಗಿರುತ್ತದೆ. ಎದುರುಬದುರಿನ ಎರಡು ಗೊಂಚಲುಗಳಲ್ಲಿ ಸಂದಿ ಬೇರೆಬೇರೆ ಕಂಡರೆ ಸರಕು ಒಂದು ಬದಿಗೆ ವಾಲಿದೆ, ಇಲ್ಲವೇ ಸ್ಪ್ರಿಂಗ್ ಮುರಿದಿದೆ ಎಂದು ಅರ್ಥ. ಮಾದರಿಯಲ್ಲಿ ಇಷ್ಟನ್ನು ತೋರಿಸುವುದು ಸಾಧ್ಯವೋ ಇಲ್ಲವೋ, ನನಗೆ ತಿಳಿಯದು. ಆದರೆ ಬದಿಯಲ್ಲಿ ‘ಖಾಲಿ–ಭರ್ತಿ’ ಬದಲಿಸುವ ಒಂದು ಸಣ್ಣ ಹಿಡಿಕೆ ಇರುತ್ತದೆ. ತುಂಬಿದ ವ್ಯಾಗನ್‌ಗೆ ಹೆಚ್ಚು ಬ್ರೇಕು, ಖಾಲಿಗೆ ಕಡಿಮೆ ಬ್ರೇಕು ಸಿಗುವಂತೆ ಅದನ್ನು ಕೈಯಿಂದ ತಿರುಗಿಸಬೇಕು. ಅದನ್ನಾದರೂ ಸರಿಯಾದ ಕಡೆಗೆ ತಿರುಗಿಸಿ ಅಂಟಿಸಿ.

ಮಾಪಕ 87, ಬೆಂಗಳೂರು

ಹಿರಿಯರು ಸರಕಿನ ವಿಷಯವನ್ನು ಮುಗಿಸಿಕೊಟ್ಟಿದ್ದಾರೆ. ನಾನು ಗಾಲಿಗೂ ತೂಕಕ್ಕೂ ಸೀಮಿತನಾಗುತ್ತೇನೆ.

ಗಾಲಿಗಳು ಒಳಕ್ಕೆ ಸರಿದಂತೆ ಕಾಣುವುದು ನಿಮ್ಮ ಕಣ್ಣಿನ ಭ್ರಮೆಯಲ್ಲ, ತಯಾರಕರ ತಪ್ಪೂ ಅಲ್ಲ. 16.5 ಮಿಲಿಮೀಟರ್ ಹಳಿ ಯುರೋಪ್ ಮತ್ತು ಅಮೆರಿಕದ 1,435 ಮಿಲಿಮೀಟರ್ ಹಳಿಯನ್ನು 87.1ರಿಂದ ಭಾಗಿಸಿ ಬಂದದ್ದು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು ಹಾಗೆ ಭಾಗಿಸಿದರೆ 19.24 ಬರುತ್ತದೆ. ಅಂದರೆ ನಿಮ್ಮ ವ್ಯಾಗನ್ ತನ್ನ ಅಳತೆಗಿಂತ 2.7 ಮಿಲಿಮೀಟರ್ ಕಿರಿದಾದ ಹಳಿಯ ಮೇಲೆ ನಿಂತಿದೆ. 36.7 ಮಿಲಿಮೀಟರ್ ಅಗಲದ ಒಡಲಿಗೆ ಇದು ಎದ್ದು ಕಾಣುವ ವ್ಯತ್ಯಾಸವೇ. ಎದುರಿನಿಂದ ನೋಡಿದಾಗ ಸಣ್ಣ ಕಾಲು, ಪಕ್ಕದಿಂದ ನೋಡಿದಾಗ ಏನೂ ಇಲ್ಲ. ಭಾರತದ ಗಾಡಿಗಳನ್ನು ಎಚ್‌ಒದಲ್ಲಿ ಓಡಿಸುವವರೆಲ್ಲರೂ ಈ ಒಪ್ಪಂದಕ್ಕೆ ಸಹಿ ಹಾಕಿಯೇ ಆಟ ಶುರುಮಾಡಿದವರು.

ಇದಕ್ಕೆ ಮೂರು ದಾರಿಗಳಿವೆ. ಹಳಿಯನ್ನು ಹಾಗೆಯೇ ಇಟ್ಟುಕೊಂಡು ವ್ಯಾಗನ್ನನ್ನು 1:101.6ಕ್ಕೆ ಕುಗ್ಗಿಸಿದರೆ ಹಳಿಗೂ ಒಡಲಿಗೂ ತಾಳೆ ಬೀಳುತ್ತದೆ, ಆದರೆ ಮಾರುಕಟ್ಟೆಯ ಎಂಜಿನ್, ಮನುಷ್ಯ, ಮನೆ ಯಾವುದೂ ಅದರ ಪಕ್ಕದಲ್ಲಿ ನಿಲ್ಲುವುದಿಲ್ಲ. ಆ ದಾರಿ ನನಗೆ ಹುಚ್ಚು ಸಾಹಸವೆನಿಸುತ್ತದೆ. ಎರಡನೆಯದು, 19.24ಕ್ಕೆ ಹಳಿಯನ್ನು ಕೈಯಿಂದಲೇ ಹಾಕಿಕೊಳ್ಳುವುದು. ಇಲ್ಲಿ ಒಂದು ಸ್ವಾರಸ್ಯವಿದೆ: ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ 1:76 ಅಳತೆಯ ಗಾಡಿಗಳಿಗೆ ನಿಖರತೆ ಬೇಕೆಂದು 18.83 ಮಿಲಿಮೀಟರಿನ ಪಿ4 ಎಂಬ ಹಳಿಯನ್ನು ರೂಪಿಸಿಕೊಂಡಿದ್ದಾರೆ. ಅದು ನಮ್ಮ ಬ್ರಾಡ್‌ಗೇಜಿಗೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ಬಂದು ನಿಲ್ಲುತ್ತದೆ. ತಾಳ್ಮೆಯಿರುವವರು ಆ ಅಳತೆಯ ಗಾಲಿ ಅಚ್ಚುಗಳನ್ನು ಹಾಕಿಸಿಕೊಳ್ಳಬಹುದು. ಮೂರನೆಯದು, ಏನೂ ಮಾಡದೆ ವ್ಯಾಗನ್‌ಗಳನ್ನು ಪಕ್ಕದಿಂದ ನೋಡುವಂತೆ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸುವುದು. ನಾನು ಮಾಡಿರುವುದು ಅದೇ.

ಕಪ್ಲರ್, ಅಂದರೆ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಬ್ರಾಡ್‌ಗೇಜ್ ವ್ಯಾಗನ್ ಖಾಲಿಯಿದ್ದಾಗ ಅದರ ಕಪ್ಲರ್ ಹಳಿಯಿಂದ ಹೆಚ್ಚೆಂದರೆ 1,105 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಎಚ್‌ಒದಲ್ಲಿ ಅದು 12.7. ಅಮೆರಿಕದ ಪದ್ಧತಿಯ ಎಚ್‌ಒ ಕಪ್ಲರಿನ ಎತ್ತರ ಸುಮಾರು 9.9 ಮಾತ್ರ. ಆದ್ದರಿಂದ ವ್ಯಾಗನ್ ಮಾದರಿ ಎಷ್ಟೇ ಸರಿಯಾಗಿದ್ದರೂ ಕಪ್ಲರ್ ಅದರ ಮೊಣಕಾಲಿಗೆ ಕಟ್ಟಿದಂತೆ ಕೆಳಗೆ ಜೋತಾಡುತ್ತದೆ. ಬೇರೆ ಗಾಡಿಗಳೊಡನೆ ಜೋಡಿಸಬೇಕಾಗಿಲ್ಲದಿದ್ದರೆ ಆರೂ ವ್ಯಾಗನ್‌ಗಳ ನಡುವೆ ಅದನ್ನು ಮೇಲೆತ್ತಿ ಕೂರಿಸಿ, ಎರಡು ತುದಿಗಳಲ್ಲಿ ಮಾತ್ರ ಕೆಳಗೆ ಬಿಡಬಹುದು.

ಇನ್ನು ಹಳಿ ತಪ್ಪುವ ಕಥೆ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ 1935ರಲ್ಲಿ ಸ್ಥಾಪನೆಯಾದದ್ದು; ಎಚ್‌ಒ ವ್ಯಾಗನ್‌ಗೆ ಆರಂಭದ ಒಂದು ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್ ತೂಕವಿರಲಿ ಎಂಬುದು ಅದರ ಶಿಫಾರಸು. ಬಾಕ್ಸ್‌ಎನ್ 123 ಮಿಲಿಮೀಟರ್, ಅಂದರೆ 4.84 ಇಂಚು, ಲೆಕ್ಕ ಹಾಕಿದರೆ ಸುಮಾರು 97 ಗ್ರಾಂ ಆಗುತ್ತದೆ. ಒಂದು ಸಂಜೆ ಕುತೂಹಲಕ್ಕೆ ನಾನು ನಿಜವಾದ ವ್ಯಾಗನ್‌ನ ತೂಕವನ್ನೇ 87.1ರ ಘನದಿಂದ ಭಾಗಿಸಿ ನೋಡಿದೆ. 22.47 ಟನ್ನಿನ ಖಾಲಿ ವ್ಯಾಗನ್ 34 ಗ್ರಾಂ ಆಗುತ್ತದೆ, 81.28 ಟನ್ನಿನ ತುಂಬಿದ ವ್ಯಾಗನ್ 123 ಗ್ರಾಂ. ನಿಮ್ಮ ಖಾಲಿ ವ್ಯಾಗನ್‌ಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಬರಿಯ ಪ್ಲಾಸ್ಟಿಕ್ ಆಗಿದ್ದರೆ ಮೂವತ್ತು ನಲವತ್ತು ಗ್ರಾಂ ಆಸುಪಾಸಿನಲ್ಲಿ ಇದ್ದೀತು. ಆ ತೂಕ ನಿಜದ ಖಾಲಿ ವ್ಯಾಗನ್‌ಗೆ ಸರಿಹೋದರೂ ಮಾದರಿಯ ಪಾಯಿಂಟಿಗೆ ಸಾಲದು. ಅಂಗಡಿಯಲ್ಲಿ ಸಿಗುವ ಸೀಸದ ಗುಂಡುಗಳನ್ನೋ ಕಬ್ಬಿಣದ ವಾಷರ್‌ಗಳನ್ನೋ ತಳದ ಕೆಳಗೆ, ಎರಡು ಬೋಗಿಗಳ ನಡುವೆ ಅಂಟಿಸಿ 97 ಗ್ರಾಂಗೆ ತನ್ನಿ.

ಆದರೂ ತಪ್ಪಿದರೆ ಬೋಗಿಯ ತಿರುಪುಗಳನ್ನು ನೋಡಿ. ಒಂದು ಬೋಗಿ ತಿರುಗಲಷ್ಟೇ ಸಡಿಲವಿರಲಿ, ಅಡ್ಡಕ್ಕೆ ಆಡಬಾರದು. ಇನ್ನೊಂದು ಬೋಗಿ ತುಸು ಅಡ್ಡಕ್ಕೂ ಆಡುವಂತಿರಲಿ. ಮೂರು ಕಾಲಿನ ಮಣೆ ಯಾವ ನೆಲದ ಮೇಲೂ ಅಲ್ಲಾಡದೆ ಕೂರುವ ಹಾಗೆ ವ್ಯಾಗನ್ ಕೂರುತ್ತದೆ. ಎರಡನ್ನೂ ಬಿಗಿ ಮಾಡಿದರೆ ನಾಲ್ಕು ಕಾಲಿನ ಕುಂಟ ಮೇಜಾಗುತ್ತದೆ.

ಹಳೆಯ ಟಿಎಕ್ಸ್‌ಆರ್, ಗುಂತಕಲ್ಲು

ಮಾಪಕರ ಕೊನೆಯ ಮಾತು ಓದಿ ನಗು ಬಂತು. ಖಾಲಿ ಬಾಕ್ಸ್‌ಎನ್ ನಿಜದಲ್ಲಿಯೂ ನಮ್ಮನ್ನು ಬಹಳ ಕಾಡಿದೆ. ತುಂಬಿದಾಗ ಆನೆಯ ಹಾಗೆ ನೆಟ್ಟಗೆ ಹೋಗುವ ಗಾಡಿ, ಖಾಲಿಯಾದಾಗ ವೇಗ ಏರಿದಂತೆ ಹಳಿಯ ಮೇಲೆ ಅಡ್ಡಡ್ಡ ಓಲಾಡುತ್ತಿತ್ತು. ಆ ಕಾರಣಕ್ಕೇ ಮುಂದೆ ಬೋಗಿಯನ್ನು ಸುಧಾರಿಸಿ ಬಾಕ್ಸ್‌ಎನ್‌ಎಚ್‌ಎಸ್ ಎಂಬ ರೂಪವನ್ನು ತಂದರು.

ಕಿರುಹಳಿ, ಧಾರವಾಡ

ಇಬ್ಬರಿಗೂ ಅನಂತ ಧನ್ಯವಾದಗಳು. ತೂಗಿ ನೋಡಿದೆ: ಖಾಲಿ ವ್ಯಾಗನ್ 41 ಗ್ರಾಂ, ಕೆಮ್ಮಣ್ಣು ತುಂಬಿದ್ದು 112. ಹಳಿ ತಪ್ಪುವ ಗುಟ್ಟು ರಟ್ಟಾಯಿತು. 85 ಸೆಂಟಿಮೀಟರ್ ಎಂದರೆ ನನ್ನ ಅಳತೆಯಲ್ಲಿ 9.8 ಮಿಲಿಮೀಟರ್, ಒಣಗಿದ ಕೆಮ್ಮಣ್ಣನ್ನು ನೀರಿನಲ್ಲಿ ನೆನೆಸಿಟ್ಟಿದ್ದೇನೆ, ಬಿಟ್ಟುಕೊಳ್ಳುತ್ತಿದೆ.

ಒಂದು ಹೊಸ ಸಂದೇಹ. ಆರೂ ವ್ಯಾಗನ್‌ಗಳ ಬದಿಯಲ್ಲಿ 11 ಅಂಕಿಯ ಸಂಖ್ಯೆಗಳಿವೆ. ಒಂದರ ಮೇಲೆ 10069712345 ಎಂದಿದೆ. ಇದು 1998ಕ್ಕೆ ಹೊಂದುತ್ತದೆಯೇ? ಗೋವಾ ಕಡೆಗೆ ಹೋಗುವ ಅದಿರಿನ ಗಾಡಿಯಂತೆ ತೋರಿಸಬೇಕೆಂಬ ಆಸೆಯೂ ಇದೆ.

ಘಾಟಿ ಪ್ರಯಾಣಿಕ, ಬೆಳಗಾವಿ

ಹೊಂದುವುದಿಲ್ಲ. 11 ಅಂಕಿಯ ಪದ್ಧತಿಯನ್ನು ರೈಲ್ವೆ ಅಳವಡಿಸಿಕೊಂಡದ್ದು 2003ರಲ್ಲಿ. ಅದಕ್ಕೂ ಮೊದಲು ವಲಯದ ಅಕ್ಷರಗಳೂ ಅವುಗಳ ಜೊತೆ ಚಿಕ್ಕ ಸಂಖ್ಯೆಯೂ ಇರುತ್ತಿದ್ದವು. ಹೊಸ ಪದ್ಧತಿಯಲ್ಲಿ ಮೊದಲ ಎರಡು ಅಂಕಿಗಳು ವ್ಯಾಗನ್‌ನ ಜಾತಿ, ನಂತರದ ಎರಡು ಒಡೆತನದ ರೈಲ್ವೆ, ಆಮೇಲಿನ ಎರಡು ತಯಾರಾದ ವರ್ಷ, ಮುಂದಿನ ನಾಲ್ಕು ಆ ವ್ಯಾಗನ್‌ನ ಸ್ವಂತ ಸಂಖ್ಯೆ, ಕೊನೆಯ ಒಂದು ತಾಳೆಯ ಅಂಕಿ. ನಿಮ್ಮದರಲ್ಲಿರುವ 97 ಎಂಬುದು 1997ರ ತಯಾರಿಕೆಯನ್ನು ಹೇಳುತ್ತದೆ.

ತಾಳೆಯ ಅಂಕಿಯನ್ನು ಪರೀಕ್ಷಿಸುವುದು ಸುಲಭ. ಎಡದಿಂದ ಎಣಿಸಿ ಸಮ ಸ್ಥಾನಗಳಲ್ಲಿರುವ ಅಂಕಿಗಳನ್ನು ಕೂಡಿಸಿ: 0, 6, 7, 2, 4 ಸೇರಿ 19. ಅದನ್ನು ಮೂರರಿಂದ ಗುಣಿಸಿದರೆ 57. ಬೆಸ ಸ್ಥಾನಗಳ 1, 0, 9, 1, 3 ಸೇರಿ 14. ಒಟ್ಟು 71. ಇದರ ಮುಂದಿನ ಹತ್ತರ ಗುಣಕ 80, ವ್ಯತ್ಯಾಸ 9. ಆದ್ದರಿಂದ ಕೊನೆಯ ಅಂಕಿ 9 ಇರಬೇಕಿತ್ತು, 5 ಅಲ್ಲ. ಮಾದರಿ ಮಾಡಿದವರು ಬಾಯಿಗೆ ಬಂದ ಸಂಖ್ಯೆಯನ್ನು ಅಚ್ಚು ಹಾಕಿದ್ದಾರೆ. ಇದನ್ನು ಯಾರೂ ಗಮನಿಸುವುದಿಲ್ಲ ಎನ್ನಬೇಡಿ, ನಾನು ಗಮನಿಸಿದೆನಲ್ಲ.

ನನ್ನ ಸಲಹೆಯೆಂದರೆ ವ್ಯಾಗನ್‌ಗಳನ್ನು ಬದಲಿಸುವ ಬದಲು ನಿಮ್ಮ ಹಲಗೆಯ ಮೇಲಿನ ಕಾಲವನ್ನೇ 2006ಕ್ಕೆ ಸರಿಸಿ. ಹೊಸಪೇಟೆ–ಬಳ್ಳಾರಿಯ ಅದಿರಿಗೆ ಅದು ಸುಗ್ಗಿಯ ಕಾಲ. ರಾಜ್ಯ ಸರ್ಕಾರ 2010ರ ಜುಲೈನಲ್ಲಿ ರಫ್ತನ್ನು ತಡೆಯುವವರೆಗೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸುವವರೆಗೆ, ಬಂದರುಗಳ ಕಡೆಗೆ ಅದಿರಿನ ರೇಕುಗಳ ಓಡಾಟ ಬಲು ಜೋರಾಗಿತ್ತು. ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ 2003ರಲ್ಲಿ ಕಾರ್ಯಾರಂಭ ಮಾಡಿತ್ತು. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ 1999ರಿಂದ ಬರತೊಡಗಿದ್ದ ಡಬ್ಲ್ಯುಡಿಜಿ-4 ಎಂಜಿನ್‌ಗಳು ಆಗ ಎಲ್ಲೆಡೆ ಕಾಣುತ್ತಿದ್ದವು. 1998ಕ್ಕೆ ಅಂಟಿಕೊಂಡರೆ ಆ ಎಂಜಿನ್ ನಿಮಗೆ ಸಿಗುವುದಿಲ್ಲ.

ಗೋವಾ ಮಾರ್ಗದ ಬಗ್ಗೆ: 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಅದು ಮೀಟರ್‌ಗೇಜ್ ಆಗಿದ್ದುದರಿಂದ ಬಾಕ್ಸ್‌ಎನ್ ಅಲ್ಲಿಗೆ ಕಾಲಿಡುವಂತೆಯೇ ಇರಲಿಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೇಂವರೆಗಿನ ಘಾಟಿಯಲ್ಲಿ ಏರು 37ಕ್ಕೆ 1. ಅದಿರು ಇಳಿಯುತ್ತದೆ, ಖಾಲಿ ರೇಕು ಏರುತ್ತದೆ. ಮುಂದಿನ ವರ್ಷಗಳಲ್ಲಿ ಮುರಗಾಂವ್ ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇದೇ ಏರನ್ನು ಹತ್ತಿ ಬರತೊಡಗಿದಾಗ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳ ಗುಡುಗು ಕಣಿವೆಗೆಲ್ಲ ಕೇಳುತ್ತಿತ್ತು. ಒಮ್ಮೆ ಕಾರಂಜೋಳದಲ್ಲಿ ನಮ್ಮ ಗಾಡಿಯನ್ನು ನಿಲ್ಲಿಸಿದ್ದಾಗ ಪಕ್ಕದ ಹಳಿಯಲ್ಲಿ ಅದಿರಿನ ರೇಕು ಇಳಿಯುತ್ತಿತ್ತು. ಬ್ರೇಕು ಕಚ್ಚಿಕೊಂಡಿದ್ದ ಗಾಲಿಗಳಿಂದ ಹೊಮ್ಮುವ ಸುಟ್ಟ ಕಬ್ಬಿಣದ ವಾಸನೆ ಮಳೆಯಲ್ಲೂ ಕಿಟಕಿಯೊಳಗೆ ಬಂದಿತ್ತು. ನೀವು ಆ ಏರನ್ನು ಹಲಗೆಯ ಮೇಲೆ ತೋರಿಸುವುದಾದರೆ 3.7 ಮೀಟರಿಗೆ 10 ಸೆಂಟಿಮೀಟರ್ ಏರಬೇಕು. 11 ಅಡಿಯಲ್ಲಿ ಅದು ಮುಗಿಯುವುದಿಲ್ಲ. ಸೈಡಿಂಗೇ ಸಾಕು.

ಆರು ವ್ಯಾಗನ್‌ಗೂ ಒಂದೇ ಬಣ್ಣ, ಒಂದೇ ಧೂಳು ಬಳಿದು ಒಂದೇ ಅಚ್ಚಿನಂತೆ ಮಾಡಿದರೆ ರೇಕಿಗೆ ಶಿಸ್ತು ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಟಿಎಕ್ಸ್‌ಆರ್, ಗುಂತಕಲ್ಲು

ಪ್ರಯಾಣಿಕರ ಕೊನೆಯ ಸಾಲೊಂದನ್ನು ನಾನು ಒಪ್ಪುವುದಿಲ್ಲ. ಬಾಕ್ಸ್‌ಎನ್ ಯಾರೊಬ್ಬರ ಸ್ವತ್ತಿನಂತೆ ಒಂದೇ ಕಡೆ ಇರುತ್ತಿರಲಿಲ್ಲ. ದೇಶವೆಲ್ಲ ಸುತ್ತಿ ಯಾವ ರೇಕಿಗೋ ಸೇರಿ ಬರುತ್ತಿತ್ತು. ಒಂದೇ ರೇಕಿನಲ್ಲಿ ದಕ್ಷಿಣ ಮಧ್ಯ, ಆಗ್ನೇಯ, ಪೂರ್ವ ರೈಲ್ವೆಗಳ ವ್ಯಾಗನ್‌ಗಳು ಅಕ್ಕಪಕ್ಕ ಇರುತ್ತಿದ್ದವು. ಕಾರ್ಖಾನೆಯ ಓವರ್‌ಹಾಲ್ ಮುಗಿಸಿ ನಿನ್ನೆಯಷ್ಟೇ ಬಣ್ಣ ಬಳಿಸಿಕೊಂಡದ್ದೊಂದು, ಕಲ್ಲಿದ್ದಲಿನ ಮಸಿಯಿಂದ ಒಳಗೆಲ್ಲ ಕಪ್ಪಾದದ್ದೊಂದು, ತುಕ್ಕು ತಿಂದು ಬದಿಯ ತಗಡು ತೂತಾಗಿ ತೇಪೆ ಹಾಕಿಸಿಕೊಂಡದ್ದೊಂದು. ಹಸಿ ಕಲ್ಲಿದ್ದಲಿನಿಂದ ತಗಡು ಬೇಗ ತಿಂದುಹೋಗುತ್ತಿದ್ದುದೂ ಮುಂದೆ ಸ್ಟೇನ್‌ಲೆಸ್ ಉಕ್ಕಿನ ಒಡಲಿನ ಬಾಕ್ಸ್‌ಎನ್‌ಎಲ್‌ಡಬ್ಲ್ಯು, ಬಾಕ್ಸ್‌ಎನ್‌ಎಚ್‌ಎಲ್ ಬರಲು ಒಂದು ಕಾರಣ. ವ್ಯಾಗನ್ನನ್ನೇ ತಲೆಕೆಳಗು ಮಾಡಿ ಸರಕು ಸುರಿಯುವ ಟಿಪ್ಲರ್ ಯಂತ್ರದಲ್ಲಿ ಮಗುಚಿ ಮಗುಚಿ ಮೇಲಂಚು ಡೊಂಕಾದದ್ದೂ ಇರುತ್ತದೆ. ಆರರಲ್ಲಿ ಕನಿಷ್ಠ ಎರಡನ್ನು ಬೇರೆ ಮಾಡಿ. ಅದಿರಿನ ಕೆಂಪು ಧೂಳನ್ನು ಮಾತ್ರ ಎಲ್ಲಕ್ಕೂ ಸಮನಾಗಿ ಬಳಿಯಿರಿ. ತುಂಬುವಾಗ ಏಳುವ ಧೂಳು ಹೊಸತು ಹಳತೆಂದು ನೋಡುವುದಿಲ್ಲ. ಮೇಲಂಚಿನಲ್ಲೂ ತಳದ ಚೌಕಟ್ಟಿನ ಮೇಲೂ ದಪ್ಪವಾಗಿ, ಬದಿಯಲ್ಲಿ ತೆಳುವಾಗಿ.

2006 ಎಂದಾದರೆ ನನ್ನ ಮೊದಲಿನ ಲೆಕ್ಕವನ್ನು ನಾನೇ ತಿದ್ದಬೇಕಾಗುತ್ತದೆ. ಆ ಹೊತ್ತಿಗೆ ಆಯ್ದ ಮಾರ್ಗಗಳಲ್ಲಿ ನಿಗದಿತ ಭಾರದ ಮೇಲೆ 8 ಟನ್ ಹೆಚ್ಚು ತುಂಬಲು ರೈಲ್ವೆ ಅನುಮತಿ ಕೊಟ್ಟಿತ್ತು. ಅಚ್ಚಿನ ಮೇಲಿನ ಭಾರ 22.32 ಟನ್‌ಗೆ ಏರಿತ್ತು. ಆ ನಿರ್ಧಾರದ ಬಗ್ಗೆ ಹಳಿಯ ಕಡೆಯವರಿಗೂ ವ್ಯಾಗನ್ ಕಡೆಯವರಿಗೂ ಬೇರೆಬೇರೆ ಮಾತುಗಳಿದ್ದವು, ಇಲ್ಲಿ ಅದು ಬೇಡ. 66.81 ಟನ್ ಅದಿರಿಗೆ 27.8 ಘನ ಮೀಟರ್ ಬೇಕು. ಎತ್ತರ 96 ಸೆಂಟಿಮೀಟರ್. ನಿಮ್ಮ ಮಾದರಿಯಲ್ಲಿ 11 ಮಿಲಿಮೀಟರ್ ಆಗುತ್ತದೆ. ಆಳದ ಹೆಚ್ಚುಕಡಿಮೆ ಅರ್ಧ.

ಕಿರುಹಳಿ, ಧಾರವಾಡ

ಕಾಲವನ್ನು 2006ಕ್ಕೆ ಸರಿಸಿದೆ. ಗೋಡೆಯ ಮೇಲೆ ಅಂಟಿಸಿದ್ದ ಹಳೆಯ ಕ್ಯಾಲೆಂಡರಿನ ಚಿಕ್ಕ ಚಿತ್ರವನ್ನೊಂದು ಬದಲಿಸಿದ್ದಷ್ಟೇ ಖರ್ಚು.

ನಾಲ್ಕು ವ್ಯಾಗನ್‌ಗಳಿಗೆ 10 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ತುಂಡನ್ನು ಕತ್ತರಿಸಿ, ಕೆಳಗೆ ವಾಷರ್‌ಗಳನ್ನು ಅಂಟಿಸಿ, ಮೇಲೆ ಒಂದು ಮಿಲಿಮೀಟರ್ ಕೆಮ್ಮಣ್ಣಿನ ಪದರ ಕೊಟ್ಟೆ. ಕೆಮ್ಮಣ್ಣು ಸ್ವಲ್ಪ ಕಿತ್ತಳೆಯಾಗಿ ಕಂಡದ್ದರಿಂದ ಕಬ್ಬಿಣದ ಅರದ ಪುಡಿಯನ್ನು ಬೆರೆಸಿದ ಮೇಲೆ ಸಂಡೂರಿನ ಅದಿರಿನ ಕಂದುಗೆಂಪು ಬಂತು. ಎಲ್ಲವೂ ಈಗ 96ರಿಂದ 99 ಗ್ರಾಂ ಒಳಗಿವೆ. ಉಳಿದ ಎರಡು ಖಾಲಿ ವ್ಯಾಗನ್‌ಗಳ ಒಳಗೆ ಕಪ್ಪು ಮಸಿ ಬಳಿದು ತೂಕವನ್ನು ತಳದ ಕೆಳಗೆ ಕೂರಿಸಿದೆ. ಒಂದು ಬೋಗಿಯ ತಿರುಪನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಪಾಯಿಂಟಿನ ಮೇಲೆ ಇಪ್ಪತ್ತು ಸಲ ಹಿಂದೆಮುಂದೆ ಓಡಿಸಿದೆ, ಒಮ್ಮೆಯೂ ತಪ್ಪಲಿಲ್ಲ. ಸಂಖ್ಯೆಯ ಕೊನೆಯ 5ನ್ನು ಬ್ಲೇಡಿನಿಂದ ಕೆರೆದು 9 ಎಂದು ಬರೆದಿದ್ದೇನೆ, ಕೈ ತುಸು ನಡುಗಿದೆ.

ನಿನ್ನೆ ಸಂಜೆ ಪಕ್ಕದ ಮನೆಯ ಹಿರಿಯರನ್ನು ಕರೆದೆ. ಬೆಂಕಿಕಡ್ಡಿಯನ್ನು ವ್ಯಾಗನ್‌ನೊಳಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಹೊರಗೆ ತೆಗೆದು ಬದಿಗೆ ಹಿಡಿದು ನೋಡಿದರು. “ಈಗ ಅದಿರು” ಎಂದರು. ಆಮೇಲೆ ಬಗ್ಗಿ ಬದಿಯನ್ನು ನೋಡಿ, ನಾಲ್ಕು ತುಂಬಿದ ವ್ಯಾಗನ್‌ಗಳಲ್ಲಿ ಮೂರರ ಹಿಡಿಕೆ ‘ಖಾಲಿ’ ಕಡೆಗೇ ಇದೆ ಎಂದು ತೋರಿಸಿದರು. ಇವತ್ತು ಅವುಗಳನ್ನು ಕಿತ್ತು ತಿರುಗಿಸಿ ಅಂಟಿಸುತ್ತಿದ್ದೇನೆ.